ವಾರೆನ್ ಸ್ಮಿತ್‌ಗೆ ಒಂದು ಸಾಲು ಸಾಲದು

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ 1950ರ ದಶಕದ ಅಮೆರಿಕದ ರಾಕ್ ಅಂಡ್ ರೋಲ್ ಬಗ್ಗೆ ಬಂದ ಲೇಖನ ಓದಿದೆ. ಇಂಥ ವಿಷಯವನ್ನು ಕನ್ನಡದಲ್ಲಿ ಬರೆಯುವವರೇ ಕಡಿಮೆ. ಬರೆದವರಿಗೆ ಮೊದಲು ಥ್ಯಾಂಕ್ಸ್. ಎಲ್ವಿಸ್ ಪ್ರೀಸ್ಲಿಗೆ ಮುಕ್ಕಾಲು ಪುಟ ಕೊಟ್ಟಿದ್ದೀರಿ. ಕೊಡಿ, ಬೇಡ ಅನ್ನುವುದಿಲ್ಲ. ನನ್ನ ತಕರಾರು ಕೊನೆಯ ಕಾಲಮ್ಮಿನದ್ದು. ಅಲ್ಲಿ ವಾರೆನ್ ಸ್ಮಿತ್ ಎಂಬ ಹಾಡುಗಾರನ ಹೆಸರು ಬಂದಿದೆ. ಒಂದು ಹಾಡು ಹಿಟ್ ಆಯಿತು, ಎಲ್ವಿಸ್ ಆಗಲು ಹೋಗಿ ಆಗಲಿಲ್ಲ, ಕುಡಿತಕ್ಕೂ ಮಾತ್ರೆಗೂ ಬಿದ್ದ, ಜೈಲಿಗೆ ಹೋದ. ಇಷ್ಟು ಹೇಳಿ ಅವನನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ.

ಒಂದೇ ಹಾಡು ಅನ್ನುವುದು ತಪ್ಪು. ಕುಡಿತ, ಮಾತ್ರೆ, ಜೈಲು ಎಲ್ಲ ನಿಜ. ಆದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಕಲಸಿಹೋಗಿದೆ. ಹಾಗೆ ಕಲಸಿದರೆ ಅವನು ಕೈಯಾರೆ ಹಾಳಾದವನ ಹಾಗೆ ಕಾಣುತ್ತಾನೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ. ಕತ್ತರಿ ಹಾಕುವುದಾದರೆ ನನ್ನ ವಿಷಯಕ್ಕೆ ಹಾಕಿ, ಅವನದ್ದನ್ನು ಉಳಿಸಿ.

ದಾವಣಗೆರೆಯವನಿಗೆ ಇವನೆಲ್ಲಿ ಸಿಕ್ಕ ಅಂತ ಯಾರಾದರೂ ಕೇಳಬಹುದು. ಎಂಬತ್ತರ ದಶಕದಲ್ಲಿ ಅಶೋಕ ಟಾಕೀಸ್ ಹತ್ತಿರ ನನ್ನದೊಂದು ಕ್ಯಾಸೆಟ್ ಅಂಗಡಿ ಇತ್ತು. ರೆಕಾರ್ಡಿಂಗ್ ಸೆಂಟರ್ ಅಂತ ಬೋರ್ಡು. ಜನ ಬೇಕಾದ ಹಾಡುಗಳನ್ನು ಚೀಟಿಯಲ್ಲಿ ಬರೆದು ತರುತ್ತಿದ್ದರು. ಅರವತ್ತರ ಕ್ಯಾಸೆಟ್ಟೋ ತೊಂಬತ್ತರದ್ದೋ ಅಂತ ಕೇಳಿಕೊಂಡು, ಅಷ್ಟೂ ಹಾಡು ತುಂಬಿ ಕೊಡುವುದು ನಮ್ಮ ಕೆಲಸ. ಅಣ್ಣಾವ್ರ ಹಾಡು, ಹಳೇ ಹಿಂದಿ, ಭಾವಗೀತೆ. ದುಗ್ಗಮ್ಮನ ಜಾತ್ರೆ ಹತ್ತಿರ ಬಂತೆಂದರೆ ಬರೀ ಭಕ್ತಿಗೀತೆ. ಮೆಡಿಕಲ್ ಓದುವ ಹುಡುಗರು ಮಾತ್ರ ಇಂಗ್ಲಿಷ್ ಹಾಡು ತರುತ್ತಿದ್ದರು. ಅವರಲ್ಲಿ ಹೊರದೇಶದಿಂದ ಓದಲು ಬಂದಿದ್ದ ಒಬ್ಬ, ತನ್ನದೊಂದು ಕ್ಯಾಸೆಟ್ ತಂದು ಇನ್ನೊಂದು ಕಾಪಿ ಮಾಡಿಕೊಡಿ ಅಂದ. ಮೇಲೆ ಪೆನ್ನಿನಲ್ಲಿ ಸನ್ ರೆಕಾರ್ಡ್ಸ್, ಮೆಂಫಿಸ್ ಅಂತ ಬರೆದಿತ್ತು.

ಕಾಪಿ ಮಾಡುವಾಗ ಕೂತು ಕೇಳಲೇಬೇಕು. ಟೇಪು ಯಾವಾಗ ಸುತ್ತಿಕೊಳ್ಳುತ್ತದೋ ಹೇಳಕ್ಕಾಗಲ್ಲ. ನಾಲ್ಕಾರು ಹಾಡು ಗಲಾಟೆಯಲ್ಲೇ ಹೋದವು. ಆಮೇಲೆ ಒಂದು ದನಿ ಬಂತು. ಹಿಂದೆ ಅದೇ ಗಿಟಾರು, ಅದೇ ಕುಣಿಸುವ ತಾಳ. ಆದರೆ ಹಾಡುವವನು ಎಗರಾಡುತ್ತಿಲ್ಲ. ಬಿಕ್ಕುತ್ತಿಲ್ಲ, ತೊದಲುತ್ತಿಲ್ಲ. ಗಂಟಲು ಬಿಟ್ಟು, ಒಂದೊಂದು ಮಾತನ್ನೂ ಬಿಡಿಸಿ ಹೇಳುತ್ತಿದ್ದಾನೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೂ ಅವನ ಪದಗಳು ಕಿವಿಗೆ ಸಿಕ್ಕವು. ಹುಡುಗನಿಗೆ ಅವನ ಕಾಪಿ ಕೊಟ್ಟೆ, ನನಗೊಂದು ಇಟ್ಟುಕೊಂಡೆ. ಮುಂದೆ ಮಗ ಬೆಂಗಳೂರಿಗೆ ಕೆಲಸಕ್ಕೆ ಹೋದ ಮೇಲೆ ಸಿಡಿ ತಂದುಕೊಟ್ಟ. ಅದರ ಜತೆಗಿನ ಪುಸ್ತಿಕೆಯನ್ನು ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿದವನು ನಾನು. ಈಗ ಮೊಬೈಲಿನಲ್ಲೇ ಎಲ್ಲ ಸಿಗುತ್ತದೆ, ಬಿಡಿ.

ವಾರೆನ್ ಸ್ಮಿತ್ ಹುಟ್ಟಿದ್ದು 1932ರ ಫೆಬ್ರವರಿ 7, ಮಿಸಿಸಿಪ್ಪಿ ರಾಜ್ಯದ ಹಂಫ್ರೀಸ್ ಕೌಂಟಿಯಲ್ಲಿ. ಅದು ಹತ್ತಿ ಬೆಳೆಯುವ ಸೀಮೆ. ನಮ್ಮ ಹಾಗೇ. ಅಪ್ಪ ಅಮ್ಮ ಬೇರೆಯಾದರು. ಲೂಯಿಸ್ ಎಂಬ ಸಣ್ಣ ಊರಿನಲ್ಲಿ ತಾಯಿಯ ಅಪ್ಪ ಅಮ್ಮ ಇವನನ್ನು ಸಾಕಿದರು. ಅವರಿಗೆ ಒಂದಿಷ್ಟು ಹೊಲ, ಬಟ್ಟೆ ಬರೆ ಮಾರುವ ಒಂದು ಅಂಗಡಿ. ಹುಡುಗ ದೊಡ್ಡವನಾಗಿ ವಾಯುಪಡೆಗೆ ಸೇರಿದ. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಇದ್ದಾಗ ಹೊತ್ತು ಕಳೆಯಲು ಗಿಟಾರ್ ಕಲಿತ. ಅಲ್ಲಿಂದ ಬಿಡುಗಡೆಯಾಗಿ ಬರುವ ಹೊತ್ತಿಗೆ ಹಾಡಿಕೊಂಡೇ ಬದುಕಬೇಕು ಅಂತ ತೀರ್ಮಾನ ಮಾಡಿಯಾಗಿತ್ತು.

ಅವನು ಬಂದು ನೆಲೆಸಿದ್ದು ವೆಸ್ಟ್ ಮೆಂಫಿಸ್‌ನಲ್ಲಿ. ಮಿಸಿಸಿಪ್ಪಿ ಹೊಳೆಯ ಈಚೆ ದಡದಲ್ಲಿ, ಅರ್ಕನ್ಸಾ ರಾಜ್ಯಕ್ಕೆ ಸೇರಿದ ಊರು. ಆಚೆ ದಡದಲ್ಲಿ ದೊಡ್ಡ ಮೆಂಫಿಸ್. ವೆಸ್ಟ್ ಮೆಂಫಿಸ್‌ನ ಕಾಟನ್ ಕ್ಲಬ್ಬಿನಲ್ಲಿ ಕ್ಲೈಡ್ ಲೆಪರ್ಡ್ ಎಂಬುವನ ಸ್ನಿಯರ್ಲಿ ರಾಂಚ್ ಬಾಯ್ಸ್ ತಂಡ ನುಡಿಸುತ್ತಿತ್ತು. ಸ್ಮಿತ್ ಅವರೆದುರು ಹಾಡಿ ತೋರಿಸಿದ. ತಂಡದಲ್ಲಿ ಸ್ಟೀಲ್ ಗಿಟಾರ್ ನುಡಿಸುತ್ತಿದ್ದ ಸ್ಟ್ಯಾನ್ ಕೆಸ್ಲರ್‌ಗೆ ಹೊಳೆಯಾಚೆಯ ಸನ್ ರೆಕಾರ್ಡ್ ಕಂಪನಿಯ ಮಾಲೀಕ ಸ್ಯಾಮ್ ಫಿಲಿಪ್ಸ್ ಪರಿಚಯ ಇತ್ತು. ಹೀಗೆ ಬಾಗಿಲು ತೆರೆಯಿತು.

ಫಿಲಿಪ್ಸ್‌ಗೂ ಆಗ ಹೊಸಬರು ಬೇಕಾಗಿದ್ದರು. ಎಲ್ವಿಸ್‌ನ ಕರಾರನ್ನು 1955ರ ನವೆಂಬರ್‌ನಲ್ಲಿ ಆರ್‌ಸಿಎ ಕಂಪನಿಗೆ 35,000 ಡಾಲರ್‌ಗೆ ಮಾರಿಯಾಗಿತ್ತು. ಈಗ ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಆಗ ಅದು ದೊಡ್ಡ ಮೊತ್ತ. ಸನ್ ಬಹಳ ಸಣ್ಣ ಕಂಪನಿ. ಯೂನಿಯನ್ ಅವೆನ್ಯೂ 706ನೇ ನಂಬರಿನ ಪುಟ್ಟ ಕಟ್ಟಡ, ಒಂದೇ ಸ್ಟುಡಿಯೊ. ಫಿಲಿಪ್ಸ್ ಅದರ ಬಾಗಿಲು ತೆರೆದಿದ್ದು 1950ರಲ್ಲಿ. ಸನ್ ಹೆಸರಿನಲ್ಲಿ ಗ್ರಾಮಫೋನ್ ತಟ್ಟೆ ಹೊರತರಲು ಶುರು ಮಾಡಿದ್ದು 1952ರಲ್ಲಿ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಆ ತಟ್ಟೆಗಳಲ್ಲಿ ದನಿಯ ಹಿಂದೆಯೇ ಇನ್ನೊಂದು ದನಿ ತಟ್ಟಿದ ಹಾಗೆ ಕೇಳುತ್ತದಲ್ಲ, ಅದನ್ನು ನಿಮ್ಮ ಲೇಖನ ‘ಸ್ಟುಡಿಯೊದ ಮಾಯೆ’ ಎಂದು ಕರೆದು ಬಿಟ್ಟುಬಿಟ್ಟಿದೆ. ಮಾಯೆ ಏನೂ ಇಲ್ಲ. ಫಿಲಿಪ್ಸ್ ಹತ್ತಿರ ಎರಡು ಆಂಪೆಕ್ಸ್ ಟೇಪ್ ಯಂತ್ರ ಇದ್ದವು. ಒಂದರಲ್ಲಿ ಹಾಡು ರೆಕಾರ್ಡ್ ಆಗುತ್ತಿರುವಾಗ, ಇನ್ನೊಂದರ ಪ್ಲೇ ಹೆಡ್ಡಿನಿಂದ, ಅಂದರೆ ಟೇಪಿನಲ್ಲಿದ್ದುದನ್ನು ಕೇಳಿಸುವ ಭಾಗದಿಂದ, ಅದೇ ದನಿಯನ್ನು ಎತ್ತಿ ಬೆರೆಸುತ್ತಿದ್ದ. ಟೇಪು ರೆಕಾರ್ಡ್ ಹೆಡ್ ದಾಟಿ ಪ್ಲೇ ಹೆಡ್ ತಲುಪಲು ಒಂದು ಗಳಿಗೆ ಬೇಕು. ಸೆಕೆಂಡಿನಲ್ಲಿ ಹತ್ತನೇ ಒಂದು ಭಾಗ, ಅದಕ್ಕಿಂತ ಚೂರು ಜಾಸ್ತಿ. ಅಷ್ಟೇ ತಡ. ಅದರಿಂದ ಮೂರು ಜನ ನುಡಿಸಿದ್ದು ಆರು ಜನ ನುಡಿಸಿದಂತೆ ತುಂಬಿಕೊಳ್ಳುತ್ತದೆ. ನನ್ನ ಅಂಗಡಿಯ ಡೆಕ್ಕಿನಲ್ಲಿ ರೆಕಾರ್ಡಿಗೂ ಪ್ಲೇಗೂ ಒಂದೇ ಹೆಡ್. ಅದರಲ್ಲಿ ಈ ಆಟ ನಡೆಯುವುದಿಲ್ಲ. ಇಲ್ಲದಿದ್ದರೆ ದಾವಣಗೆರೆಯ ಎಲ್ಲ ಭಜನೆ ಮೇಳಗಳಿಗೂ ಒಂದು ಕೈ ನೋಡುತ್ತಿದ್ದೆ!

1956ರ ಫೆಬ್ರವರಿಯಲ್ಲಿ ಸ್ಮಿತ್ ಅಲ್ಲಿ ಹಾಡಿದ ಮೊದಲ ಹಾಡು ‘ರಾಕ್ ಅಂಡ್ ರೋಲ್ ರೂಬಿ’. ತಟ್ಟೆಯ ಮೇಲೆ ಬರೆದವರು ಅಂತ ಜಾನಿ ಕ್ಯಾಶ್ ಹೆಸರಿದೆ. ಆಗ ಕ್ಯಾಶ್ ಕೂಡ ಅದೇ ಕಂಪನಿಯಲ್ಲಿ ಹೊಸ ಹುಡುಗ. ಕುಣಿಯಲು ಹೋದ ಹುಡುಗಿ ಕುಣಿತ ನಿಲ್ಲಿಸಲೇ ಒಲ್ಲಳು ಎಂಬುದು ಹಾಡಿನ ಕಥೆ. ಮೆಂಫಿಸ್ ಊರಿನಲ್ಲಿ ಅದು ಭರ್ಜರಿಯಾಗಿ ಓಡಿತು. ಸನ್ ಕಂಪನಿಯ ಚರಿತ್ರೆ ಬರೆದವರು ಒಂದು ಮಾತು ದಾಖಲಿಸಿದ್ದಾರೆ. ಎಲ್ವಿಸ್, ಜಾನಿ ಕ್ಯಾಶ್, ಕಾರ್ಲ್ ಪರ್ಕಿನ್ಸ್ ಮೂವರಿಗೂ ಸನ್‌ನಲ್ಲಿ ಬಂದ ಮೊದಲ ತಟ್ಟೆಗಿಂತ ವಾರೆನ್ ಸ್ಮಿತ್‌ನ ಮೊದಲ ತಟ್ಟೆ ಜಾಸ್ತಿ ಮಾರಿತು. ಇದನ್ನು ನಿಮ್ಮ ಲೇಖನದ ಪಕ್ಕದಲ್ಲಿಟ್ಟು ನೋಡಿ. ಎಲ್ವಿಸ್ ಆಗಲು ಹೋಗಿ ಆಗದವನು ಎನ್ನುವ ಮಾತು ನಿಲ್ಲುತ್ತದಾ?

ಎರಡನೇ ತಟ್ಟೆ ಅದೇ ವರ್ಷ ಬಂತು. ಒಂದು ಬದಿ ‘ಉಬಾಂಗಿ ಸ್ಟಾಂಪ್’. ತಾಳಕ್ಕೆ ಮರುಳಾಗಿ ಎಷ್ಟೋ ಜನ ಅದನ್ನೇ ಹೊಗಳುತ್ತಾರೆ. ನನಗೆ ಅದು ಸೇರುವುದಿಲ್ಲ. ಆಫ್ರಿಕಾದವರನ್ನು ಆಡಿಕೊಳ್ಳುವ ಮಾತುಗಳು ಅದರಲ್ಲಿವೆ, ಈಗ ಕೇಳಿದರೆ ಮುಜುಗರ. ತಟ್ಟೆ ತಿರುಗಿಸಿದರೆ ‘ಬ್ಲ್ಯಾಕ್ ಜ್ಯಾಕ್ ಡೇವಿಡ್’. ಅದು ಬ್ರಿಟನ್‌ನಿಂದ ವಲಸೆ ಹೋದವರ ಬಾಯಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ಬಂದ ಹಳೇ ಕಥನಗೀತೆ. ಕಾಡಿನಲ್ಲಿ ಹಾಡಿಕೊಂಡು ಬರುವ ಅಲೆಮಾರಿ, ಅವನ ದನಿಗೆ ಮನಸೋತು ಮನೆ, ಗಂಡ, ಮೆತ್ತನೆಯ ಹಾಸಿಗೆ ಎಲ್ಲ ಬಿಟ್ಟು ಹೋಗುವ ಹೆಣ್ಣು. ಇನ್ನೂರು ವರ್ಷಕ್ಕೂ ಹಳೆಯದು. ರಾಕ್ ಅಂಡ್ ರೋಲ್ ಹುಚ್ಚು ಏರಿದ್ದ ವರ್ಷದಲ್ಲಿ ಒಬ್ಬ ಹುಡುಗ ಅಂಥ ಹಾಡನ್ನು ಎತ್ತಿಕೊಂಡು, ಜತೆಗಾರರ ಆ ದಡಬಡ ತಾಳಕ್ಕೇ ಕೂರಿಸಿ ಹಾಡಿದ್ದಾನೆ. ನಮ್ಮಲ್ಲಿ ಲಾವಣಿ ಹಾಡುವವರು ಸಿಕ್ಕರೆ ನಾನು ಇದನ್ನು ಕೇಳಿಸುತ್ತೇನೆ. ಇಂಗ್ಲಿಷ್ ಬಾರದವರೂ ಕೊನೆಯವರೆಗೆ ಕೂರುತ್ತಾರೆ. ಅವನ ಬೇರು ಕಂಟ್ರಿ ಹಾಡಿನದ್ದು, ಅಂದರೆ ಅಮೆರಿಕದ ಹಳ್ಳಿಗಾಡಿನ ಹಾಡಿನದ್ದು. ಅದಕ್ಕೆ ರಾಕ್ ಅಂಡ್ ರೋಲ್ ತಾಳ ಬೆರೆಸಿದ ರಾಕಬಿಲ್ಲಿ ಆ ಹೊತ್ತಿನ ಗಿರಾಕಿ ಕೇಳಿದ್ದು, ಹಾಡಿದ. ಚೆನ್ನಾಗಿಯೇ ಹಾಡಿದ. ಮನಸ್ಸು ಮಾತ್ರ ಕಂಟ್ರಿ ಕಡೆಗೇ ಇತ್ತು ಅಂತ ನನ್ನ ಅಂದಾಜು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. 1957ರಲ್ಲಿ ಸ್ಮಿತ್ ಹಾಡಿದ ‘ಸೋ ಲಾಂಗ್ ಐಯಾಮ್ ಗಾನ್’ ಬಂತು. ಬರೆದವನು ರಾಯ್ ಆರ್ಬಿಸನ್, ಆಗ ಅವನಿಗೂ ಹೆಸರು ಬಂದಿರಲಿಲ್ಲ. ಯಾವ ಹಾಡು ಎಷ್ಟು ಓಡುತ್ತಿದೆ ಅಂತ ಹೇಳುವ ಬಿಲ್‌ಬೋರ್ಡ್ ಪತ್ರಿಕೆಯ ದೇಶದ ಪಟ್ಟಿಯನ್ನು ಹತ್ತಿ, ಹಾಡು ಎಪ್ಪತ್ತರ ಆಸುಪಾಸಿನ ಸ್ಥಾನಕ್ಕೆ ಬಂತು. ಸಣ್ಣ ಕಂಪನಿಯ ಹುಡುಗನಿಗೆ ಇದು ಒಳ್ಳೆಯ ಸುರುವಾತು. ಆದರೆ ಅದೇ ಹೊತ್ತಿಗೆ, ಅದೇ ಕಂಪನಿಯಿಂದ, ಜೆರಿ ಲೀ ಲೂಯಿಸ್‌ನ ‘ಹೋಲ್ ಲಾಟ ಶೇಕಿನ್’ ಹೊರಬಿದ್ದಿತ್ತು. ಜುಲೈ 28ರಂದು ಲೂಯಿಸ್ ಸ್ಟೀವ್ ಆಲನ್‌ನ ಟಿವಿ ಕಾರ್ಯಕ್ರಮದಲ್ಲಿ ಪಿಯಾನೊ ಮುಂದೆ ಕುಣಿದಾಡಿದ. ಮುಗಿಯಿತು. ಇಡೀ ದೇಶದಿಂದ ಆರ್ಡರು. ಆ ಹಾಡು ಪಟ್ಟಿಯಲ್ಲಿ 3ನೇ ಸ್ಥಾನದವರೆಗೆ ಹೋಯಿತು. ಸ್ಮಿತ್‌ನದ್ದು ಎಪ್ಪತ್ತರ ಆಸುಪಾಸಿನಿಂದ ಮೇಲೆ ಬರಲಿಲ್ಲ.

ಯಾಕೆ ಬರಲಿಲ್ಲ ಎನ್ನುವುದು ಕ್ಯಾಸೆಟ್ ವ್ಯಾಪಾರ ಮಾಡಿದ ಯಾರಿಗಾದರೂ ಗೊತ್ತು. ತಟ್ಟೆ ಒತ್ತುವ ಫ್ಯಾಕ್ಟರಿಗೆ ದುಡ್ಡು ಮೊದಲು ಕೊಡಬೇಕು. ಡಿಸ್ಟ್ರಿಬ್ಯೂಟರ್‌ನಿಂದ ದುಡ್ಡು ತಿಂಗಳುಗಟ್ಟಲೆ ಬಿಟ್ಟು ಬರುತ್ತದೆ. ಮಾರದ ಮಾಲು ವಾಪಸ್ ಬರುತ್ತದೆ, ಅದರ ಬಾಬತ್ತನ್ನು ನಮಗೆ ಕೊಡಬೇಕಾದ ಬಾಕಿಯಲ್ಲಿ ಮುರಿದುಕೊಳ್ಳುತ್ತಾರೆ. ಹೀಗಾಗಿ ಹಾಡು ಓಡಿದಷ್ಟೂ ಸಣ್ಣ ಕಂಪನಿಗೆ ಕೈ ಕಟ್ಟುತ್ತದೆ. ಒಂದು ಹಿಟ್ಟನ್ನು ಪೂರೈಸುವುದೇ ಕಷ್ಟ. ಎರಡನ್ನು ಒಟ್ಟಿಗೆ ಪೂರೈಸಲು ಸನ್‌ನಂಥವರ ಹತ್ತಿರ ಬಂಡವಾಳ ಇರಲಿಲ್ಲ. ರೇಡಿಯೊದವರಿಗೆ ಫೋನ್ ಮಾಡಿ ಈ ಹಾಡು ಹಾಕಿ ಅಂತ ಹೇಳುವ ಬಾಯಿಯೂ ಒಂದೇ. ಫಿಲಿಪ್ಸ್ ಅದನ್ನು ಲೂಯಿಸ್‌ಗೆ ಮುಡಿಪಾಗಿಟ್ಟ. ಇದು ಸ್ಮಿತ್ ಒಬ್ಬನ ಪಾಡಲ್ಲ. ಅದೇ ವರ್ಷ ಬಿಲ್ಲಿ ಲೀ ರೈಲಿಯ ‘ರೆಡ್ ಹಾಟ್’ ಹಾಡಿಗೂ ಇದೇ ಆಯಿತು. ಲೂಯಿಸ್‌ನ ಮುಂದಿನ ಹಾಡಿಗೆ ಜಾಗ ಬಿಟ್ಟುಕೊಡಬೇಕಾಯಿತು. ರೈಲಿ ಕುಡಿದು ಬಂದು ಸ್ಟುಡಿಯೊದಲ್ಲಿ ದಾಂಧಲೆ ಮಾಡಿದ. ಸ್ಮಿತ್ ಅಷ್ಟು ದೂರ ಹೋಗಲಿಲ್ಲ, ಕಹಿಯನ್ನು ಮಾತ್ರ ಬಹಳ ದಿನ ಇಟ್ಟುಕೊಂಡ. ಜತೆಯವರು ಅವನನ್ನು ಸ್ವಲ್ಪ ಜಂಬದವನು ಅಂತಲೇ ನೆನೆಯುತ್ತಾರೆ. ಇರಲಿ. ಮೊದಲ ತಟ್ಟೆಗೇ ಅಷ್ಟು ಹೆಸರು ಬಂದರೆ ಯಾರಿಗೆ ಜಂಬ ಬರುವುದಿಲ್ಲ?

ಇದನ್ನು ಇಷ್ಟು ಬಿಡಿಸಿ ಹೇಳಲು ನನ್ನದೂ ಒಂದು ಕಾರಣ ಇದೆ. ಜಗಳೂರು ಕಡೆಯ ಒಬ್ಬ ತತ್ವಪದ ಹಾಡುಗಾರರು ನನ್ನ ಅಂಗಡಿಗೆ ಬರುತ್ತಿದ್ದರು. ಸಂತೆಗೆ ಬಂದಾಗ ಖಾಲಿ ಕ್ಯಾಸೆಟ್ ಕೊಳ್ಳುವರು, ಹಾಗೇ ಕೂತು ಎರಡು ಪದ ಹೇಳುವರು. ಎಂಥ ಗಂಟಲು ಅಂತೀರಿ! ಅಂಗಡಿ ಹಿಂದಿನ ಕೋಣೆಯಲ್ಲಿ ಹಾರ್ಮೋನಿಯಂ, ತಬಲ, ತಾಳ ಇಟ್ಟು ರಾತ್ರಿ ರೆಕಾರ್ಡ್ ಮಾಡಿದೆವು. ರೈಲ್ವೆ ಗೇಟು ಪಕ್ಕದಲ್ಲೇ ಇದ್ದಿದ್ದರಿಂದ ಒಂದು ಪದದ ಮಧ್ಯೆ ರೈಲಿನ ಶಿಳ್ಳೆ ಸೇರಿಕೊಂಡಿದೆ. ಟೇಪನ್ನು ಬೆಂಗಳೂರಿನ ಒಂದು ಕ್ಯಾಸೆಟ್ ಕಂಪನಿಗೆ ಒಯ್ದೆ. ಅವರಿಗೆ ಹಿಡಿಸಿತು, ಕ್ಯಾಸೆಟ್ ಮಾಡಿದರು. ಹೊನ್ನಾಳಿ, ಚನ್ನಗಿರಿ, ಹರಪನಹಳ್ಳಿ ಕಡೆಯಿಂದ ಕೇಳಿಕೊಂಡು ಬರುವವರು ಶುರುವಾದರು. ‘ಅಣ್ಣಾ, ಜಗಳೂರವ್ರ ಪದದ್ದು ಐತೇನು?’ ಎರಡನೇ ಸಲ ಮಾಲು ಬೇಕು ಅಂತ ಫೋನ್ ಮಾಡಿದೆ. ಅಷ್ಟರಲ್ಲಿ ಆ ಕಂಪನಿಯ ಇನ್ನೊಂದು ಕ್ಯಾಸೆಟ್, ಸಿನಿಮಾ ಧಾಟಿಯ ಭಕ್ತಿಗೀತೆಗಳದ್ದು, ಎಲ್ಲ ಕಡೆ ಎದ್ದುಬಿಟ್ಟಿತ್ತು. ‘ಓಡೋ ಕುದುರೆಗೆ ತಾನೆ ಹುಲ್ಲು ಹಾಕೋದು, ಸ್ವಾಮಿ?’ ಅಂದರು. ಮಾಲು ಬರಲೇ ಇಲ್ಲ. ಕೇಳುವವರು ಕೇಳಿ ಕೇಳಿ ಸುಮ್ಮನಾದರು. ಆಮೇಲೆ ಊರಿನಲ್ಲಿ ಜನ ಏನಂದರು ಗೊತ್ತಾ? ಅವರ ಕ್ಯಾಸೆಟ್ ಓಡಲಿಲ್ಲವಂತೆ ಅಂದರು.

ಕಂಪನಿಯವರದ್ದು ವ್ಯಾಪಾರ. ಫಿಲಿಪ್ಸ್‌ನ ಜಾಗದಲ್ಲಿ ನಾನಿದ್ದರೂ 1957ರಲ್ಲಿ ಲೂಯಿಸ್‌ಗೇ ದುಡ್ಡು ಹಾಕುತ್ತಿದ್ದೆ. ಅದನ್ನು ನಾನು ದೂರುತ್ತಿಲ್ಲ. ಆದರೆ ಪತ್ರಿಕೆಯವರು ಬರೆಯುವಾಗ ಓಡಲಿಲ್ಲ ಎನ್ನುವುದನ್ನೂ ಓಡಲು ಬಿಡಲಿಲ್ಲ ಎನ್ನುವುದನ್ನೂ ಬೇರೆ ಬೇರೆ ಇಡಬೇಕಲ್ವಾ? ನಿಮ್ಮ ಲೇಖನ ಮಾಡದೇ ಬಿಟ್ಟದ್ದು ಅದೇ.

ಸನ್‌ನಲ್ಲಿ ಅವನು ಹಾಡಿದ್ದರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಹಾಡು ಆಗ ಹೊರಗೇ ಬರಲಿಲ್ಲ. ‘ರೆಡ್ ಕ್ಯಾಡಿಲಾಕ್ ಅಂಡ್ ಎ ಬ್ಲ್ಯಾಕ್ ಮುಸ್ಟಾಶ್’. ನೀನು ಯಾವನ ಜತೆ ಓಡಾಡಿದೆ ಅಂತ ಊರೆಲ್ಲ ಹೇಳುತ್ತಿದೆ ಎಂದು ಹುಡುಗಿಯನ್ನು ಕೇಳುವ ಹಾಡು. ಕೋಪ ಇಲ್ಲ, ಕಿರುಚಾಟ ಇಲ್ಲ. ಎಲ್ಲ ಗೊತ್ತಾಗಿ ಸುಮ್ನೆ ಕೇಳುತ್ತಿದ್ದಾನೆ. 1957ರಲ್ಲಿ ಹಾಡಿದ್ದು ಟೇಪಿನಲ್ಲೇ ಉಳಿಯಿತು. 1969ರಲ್ಲಿ ಸನ್ ಕಂಪನಿಯನ್ನು ಶೆಲ್ಬಿ ಸಿಂಗಲ್ಟನ್ ಕೊಂಡುಕೊಂಡ. ಆಮೇಲೆ ಎಪ್ಪತ್ತರ ದಶಕದಲ್ಲಿ ಇಂಗ್ಲೆಂಡಿನ ಚಾರ್ಲಿ ರೆಕಾರ್ಡ್ಸ್‌ನಂಥವರು ಹಳೇ ಟೇಪುಗಳನ್ನು ಕೆದಕಿ ತಟ್ಟೆ ಮಾಡಿದರು. ಆಗ ಇಂಥವೆಲ್ಲ ಜನರಿಗೆ ಸಿಕ್ಕವು. 2001ರಲ್ಲಿ ಸನ್‌ಗೆ ಗೌರವವಾಗಿ ಬಂದ ಒಂದು ಆಲ್ಬಂನಲ್ಲಿ ಬಾಬ್ ಡಿಲನ್ ಹಾಡಲು ಆರಿಸಿಕೊಂಡದ್ದು ಇದೇ ಹಾಡನ್ನು. ಸನ್‌ನ ನೂರಾರು ಹಾಡು ಅವನ ಮುಂದಿದ್ದವು ಅನ್ನುವುದನ್ನು ಮರೆಯಬೇಡಿ.

ಇನ್ನು ನೀವು ಪೂರ್ತಿ ಬಿಟ್ಟ ಭಾಗ. 1959ರಲ್ಲಿ ಸ್ಮಿತ್ ಸನ್ ಬಿಟ್ಟು ಕ್ಯಾಲಿಫೋರ್ನಿಯಾಕ್ಕೆ ಹೋದ. 1960ರಲ್ಲಿ ಲಿಬರ್ಟಿ ಕಂಪನಿ ಸೇರಿದ. ಅಲ್ಲಿ ರಾಕಬಿಲ್ಲಿ ಕೈಬಿಟ್ಟು ನೇರವಾಗಿ ಕಂಟ್ರಿ ಹಾಡಿದ. ಹಾರ್ಲನ್ ಹೋವರ್ಡ್ ಬರೆದ ‘ಐ ಡೋಂಟ್ ಬಿಲೀವ್ ಐ ವಿಲ್ ಫಾಲ್ ಇನ್ ಲವ್ ಟುಡೇ’ ಆ ವರ್ಷ ದೇಶದ ಕಂಟ್ರಿ ಪಟ್ಟಿಯಲ್ಲಿ 5ನೇ ಸ್ಥಾನಕ್ಕೆ ಬಂತು. 1961ರಲ್ಲಿ ‘ಆಡ್ಸ್ ಅಂಡ್ ಎಂಡ್ಸ್’ 7ಕ್ಕೆ. ಶರ್ಲಿ ಕೋಲಿ ಜತೆ ಹಾಡಿದ ಯುಗಳಗೀತೆಯೂ ಪಟ್ಟಿಯಲ್ಲಿ ಬಂತು, ಸ್ವಂತ ಹೆಸರಿನಲ್ಲಿ ಎಲ್‌ಪಿಯೂ (ಹಲವು ಹಾಡುಗಳ ದೊಡ್ಡ ತಟ್ಟೆ) ಬಂತು. 1964ರವರೆಗೆ ಅವನ ಹೆಸರು ಪಟ್ಟಿಯಲ್ಲಿ ಆಗಾಗ ಕಾಣುತ್ತಲೇ ಇತ್ತು. ಸೋತ ಎಲ್ವಿಸ್ ಮಾಡುವ ಕೆಲಸವಾ ಇದು? ತನಗೆ ಒಗ್ಗುವ ಹಾಡನ್ನು ಹಾಡಿ, ಕಾರು ಓಡಿಸಿಕೊಂಡು ಊರೂರು ಸುತ್ತಿ, ಹೊಟ್ಟೆಪಾಡು ನಡೆಸಿದ ಹಾಡುಗಾರ ಅವನು. ಲಿಬರ್ಟಿ ಹಾಡುಗಳಲ್ಲಿ ಪಿಟೀಲು, ಸ್ಟೀಲ್ ಗಿಟಾರು ಜಾಸ್ತಿ. ರಾಕಬಿಲ್ಲಿ ಹುಚ್ಚಿನವರು ಇವನ್ನು ಕೇಳುವುದೇ ಇಲ್ಲ. ನಾನು ಸಂಜೆ ಹೊತ್ತು 1957ಕ್ಕಿಂತ ಇವನ್ನೇ ಜಾಸ್ತಿ ಕೇಳುವುದು.

1965ರ ಆಗಸ್ಟ್ 17ರಂದು ಟೆಕ್ಸಾಸ್‌ನ ಲಾ ಗ್ರೇಂಜ್ ಎಂಬಲ್ಲಿ ಅವನ ಕಾರು ಅಪಘಾತವಾಯಿತು. ಬೆನ್ನಿಗೆ ಬಲವಾದ ಪೆಟ್ಟು. ಚೇತರಿಸಿಕೊಳ್ಳಲು ತಿಂಗಳುಗಟ್ಟಲೆ ಹಿಡಿಯಿತು. ಕುಡಿತ, ಮಾತ್ರೆಯ ಚಟ ಅವನನ್ನು ಪೂರ್ತಿ ನುಂಗಿದ್ದು ಈ ಅಪಘಾತದ ನಂತರದ ವರ್ಷಗಳಲ್ಲಿ. ನಿಮ್ಮ ಲೇಖನದಲ್ಲಿ ಅಪಘಾತದ ಮಾತೇ ಇಲ್ಲ. ಕೊನೆಗೆ ಅಲಬಾಮಾದಲ್ಲಿ ಒಂದು ಔಷಧಿ ಅಂಗಡಿ ದೋಚಿ ಸಿಕ್ಕಿಬಿದ್ದ. ಹದಿನೆಂಟು ತಿಂಗಳು ಜೈಲು. ಹೌದು, ತಪ್ಪು ತಪ್ಪೇ. ಆದರೆ ದೋಚಿದ್ದು ಬ್ಯಾಂಕನ್ನಲ್ಲ, ಔಷಧಿ ಅಂಗಡಿಯನ್ನು. ಬೆನ್ನುನೋವಿನವರು ಇದನ್ನು ಓದಿದರೆ ಬೇರೆ ಥರ ಓದುತ್ತಾರೆ. ನನಗೂ ಬೆನ್ನುನೋವಿದೆ, ಅದಕ್ಕೆ ಹೇಳಿದೆ.

ಜೈಲಿನಿಂದ ಬಂದ ಮೇಲೂ ಕಥೆ ಮುಗಿಯಲಿಲ್ಲ. ಟೆಕ್ಸಾಸ್‌ನ ಲಾಂಗ್‌ವ್ಯೂ ಊರಿನಲ್ಲಿ ನೆಲೆಸಿದ. ಒಂದು ಕಂಪನಿಯಲ್ಲಿ ಕೆಲಸಗಾರರ ಸುರಕ್ಷತೆ ನೋಡಿಕೊಳ್ಳುವ ಅಧಿಕಾರಿಯಾದ. ವಾರವಿಡೀ ಕೆಲಸ, ರಜೆ ದಿನಗಳಲ್ಲಿ ಹಾಡು. 1977ರ ಏಪ್ರಿಲ್‌ನಲ್ಲಿ ಅವನಿಗೆ ಲಂಡನ್ನಿಗೆ ಕರೆ ಬಂತು. ರೇನ್‌ಬೋ ಥಿಯೇಟರ್‌ನಲ್ಲಿ ಹಳೇ ರಾಕ್ ಅಂಡ್ ರೋಲ್ ಹಾಡುಗಾರರ ಕಾರ್ಯಕ್ರಮ. ಚಾರ್ಲಿ ಫೆದರ್ಸ್, ಜ್ಯಾಕ್ ಸ್ಕಾಟ್, ಬಡ್ಡಿ ನಾಕ್ಸ್, ಜತೆಗೆ ಇವನು. ತನ್ನ ದೇಶದಲ್ಲಿ ಯಾರೂ ಕೇಳದ ಹಾಡುಗಳನ್ನು ಅಲ್ಲಿನ ಹುಡುಗರು ಬಾಯಿಪಾಠ ಮಾಡಿಕೊಂಡಿದ್ದರು. ಉದ್ದ ಕೋಟು, ಎತ್ತಿ ಬಾಚಿದ ಕೂದಲು, ಥೇಟ್ ಐವತ್ತರ ದಶಕದ ವೇಷ. ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ರಾತ್ರಿಯ ಹಾಡುಗಳು ಎಲ್‌ಪಿಯಾಗಿ ಬಂದಿವೆ. ಯೌವನದ ತಟ್ಟೆಗಳಲ್ಲಿದ್ದ ಆ ಬಿಗುಮಾನ ಅದರಲ್ಲಿಲ್ಲ, ಮೈಬಿಟ್ಟು ಹಾಡಿದ್ದಾನೆ. ಮರುವರ್ಷ ಮತ್ತೆ ಯುರೋಪಿಗೆ ಹೋಗಿ ಹಾಡಿ ಬಂದ. ಇನ್ನೊಂದು ಪ್ರವಾಸದ ತಯಾರಿ ನಡೆದಿದ್ದಾಗ, 1980ರ ಜನವರಿ 30ರಂದು ಹೃದಯಾಘಾತವಾಗಿ ತೀರಿಕೊಂಡ. ನಲವತ್ತೆಂಟು ತುಂಬಲು ಒಂದು ವಾರ ಇತ್ತು.

ಅಂದರೆ ಮೊದಲ ತಟ್ಟೆಯಿಂದ ಸಾವಿನವರೆಗೆ ಇಪ್ಪತ್ತನಾಲ್ಕು ವರ್ಷ. ಅದರಲ್ಲಿ ಜೈಲು ಒಂದೂವರೆ ವರ್ಷ. ಲೇಖನದಲ್ಲಿ ಅರ್ಧ ಸಾಲು ಜೈಲಿಗೇ ಹೋಗಿದೆ.

ಇದೇ ಪುರವಣಿಯಲ್ಲಿ ನಮ್ಮ ಜಿಲ್ಲೆಯ ಹಳೇ ನಾಟಕ ಹಾಡುಗಾರರ ಬಗ್ಗೆಯೂ ಸರಣಿ ಬರುತ್ತದೆ ಅಂತ ಪ್ರಕಟಿಸಿದ್ದೀರಿ. ಬಹಳ ಖುಷಿ. ಚಿಂದೋಡಿಯವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರಿದು, ಇಲ್ಲಿಂದ ಬರೆಯದೆ ಇನ್ನೆಲ್ಲಿಂದ ಬರೆಯಬೇಕು? ಅದರಲ್ಲಿ ಒಂದು ಕೆಲಸ ಮಾಡಿ. ಹಾಡಿದವರ ಹೆಸರಿನ ಜತೆಗೆ ಯಾವ ಕಂಪನಿಯ ತಟ್ಟೆ ಅಥವಾ ಕ್ಯಾಸೆಟ್, ಯಾವ ವರ್ಷ, ಎಲ್ಲಿ ರೆಕಾರ್ಡ್ ಆಯಿತು, ಹಾರ್ಮೋನಿಯಂ ಯಾರದ್ದು, ತಬಲ ಯಾರದ್ದು ಎಂಬುದನ್ನು ಸಿಕ್ಕಷ್ಟು ಹಾಕಿ. ವಾರೆನ್ ಸ್ಮಿತ್‌ನ ಬಗ್ಗೆ ದಾವಣಗೆರೆಯಲ್ಲಿ ಕೂತು ನಾನು ಇಷ್ಟು ಬರೆಯಲು ಆದದ್ದು ಅಲ್ಲಿ ಯಾರೋ ಪುಣ್ಯಾತ್ಮರು ಇದನ್ನೆಲ್ಲ ಕೂಡಿಟ್ಟಿದ್ದರಿಂದ. ನಮ್ಮ ಹಾರ್ಮೋನಿಯಂ ಮಾಸ್ತರುಗಳ ಹೆಸರು ಕ್ಯಾಸೆಟ್ಟಿನ ಕಾರ್ಡಿನ ಮೇಲೆ ಬರುತ್ತಲೇ ಇರಲಿಲ್ಲ. ‘ಮತ್ತು ಸಂಗಡಿಗರು’ ಅಂತ ಹಾಕಿ ಮುಗಿಸುತ್ತಿದ್ದರು. ಅಂಥ ಕ್ಯಾಸೆಟ್ಟುಗಳು, ಅಂಗಡಿಯಲ್ಲೇ ಮಾಡಿದ ಮೂಲ ಟೇಪುಗಳು ನನ್ನ ಮನೆಯ ಅಟ್ಟದ ಮೇಲೆ ಇನ್ನೂ ಇವೆ. ಯಾರು ನುಡಿಸಿದ್ದು ಅಂತ ನಾನು ಬಲ್ಲಷ್ಟನ್ನು ಮೇಲೆ ಬರೆದಿಟ್ಟಿದ್ದೇನೆ. ನಿಮ್ಮ ವರದಿಗಾರರನ್ನು ಕಳಿಸಿದರೆ ತೋರಿಸುತ್ತೇನೆ. ಕೇಳಿಸಲು ಡೆಕ್ಕೂ ಇದೆ, ಬೆಲ್ಟ್ ಬದಲಾಯಿಸಿದ್ದೇನೆ.

ಕೊನೆಗೆ ಲೇಖನದ ಜತೆ ಹಾಕಿದ ಫೋಟೊ. ಅದರ ಕೆಳಗೆ ‘ಎಲ್ವಿಸ್, ವಾರೆನ್ ಸ್ಮಿತ್ ಮತ್ತಿತರರು’ ಎಂದು ಅಚ್ಚಾಗಿದೆ. ಆ ಫೋಟೊದಲ್ಲಿ ಸ್ಮಿತ್ ಇಲ್ಲ. ಅದು 1956ರ ಡಿಸೆಂಬರ್ 4ರಂದು ಸನ್ ಸ್ಟುಡಿಯೊದಲ್ಲಿ ತೆಗೆದದ್ದು. ಪಿಯಾನೊ ಮುಂದೆ ಕೂತವನು ಎಲ್ವಿಸ್. ನಿಂತವರು ಎಡದಿಂದ ಜೆರಿ ಲೀ ಲೂಯಿಸ್, ಕಾರ್ಲ್ ಪರ್ಕಿನ್ಸ್, ಜಾನಿ ಕ್ಯಾಶ್. ಮುಂದಿನ ಭಾನುವಾರ ತಿದ್ದುಪಡಿ ಹಾಕಿ. ಜಾಗ ಇದ್ದರೆ ಸ್ಮಿತ್‌ನದ್ದೇ ಒಂದು ಫೋಟೊ ಹಾಕಿ, ಲಿಬರ್ಟಿ ಎಲ್‌ಪಿಯ ಮುಖಪುಟದ್ದಾದರೂ ಸರಿ.

ಇಂತಿ ನಿಮ್ಮ ಓದುಗ,
ಹಳೇ ಕ್ಯಾಸೆಟ್ ಅಂಗಡಿಯವ,
ವಿನೋಬನಗರ, ದಾವಣಗೆರೆ